ಬಂಗಾರದ ಪಿನ್ನಿನ ವೈರ್

1 ಸೆಪ್ಟೆಂಬರ್ 1994, ಗುರುವಾರ

ಇಂದು ಸ್ಟೇಶನ್ ಬಜಾರದ ನಮ್ಮ ರೇಡಿಯೋ-ಟೇಪ್ ಅಂಗಡಿ ಕಮಲಾಪುರದ ಕುಲ್ಸುಮ್‌ಬಾಯಿಗೆ ಮೋಸ ಮಾಡಿತು. ಟೇಲರ್ ಕೆಲಸದ ಹೆಣ್ಣುಮಗಳು. ಹೋದ ತಿಂಗಳು ನಾನೇ ಅವರ ಮನೆಗೆ ಹೋಗಿ ಟೇಪ್ ಡೆಕ್, ಎರಡು ಸ್ಪೀಕರ್ ಜೋಡಿಸಿ ಬಂದಿದ್ದೆ. ತೀರಿಕೊಂಡ ತಂದೆಯ ಹಾಡು ಒಂದೇ ಕ್ಯಾಸೆಟ್ಟಿನಲ್ಲಿ ಉಳಿದಿದೆ. ಅದಕ್ಕಾಗಿಯೇ ಇಷ್ಟೆಲ್ಲ.

“ಅಬ್ಬಾನ ಆವಾಜ್ ಖಾಲಿ ಕೊಡದಾಗಿಂದ ಬಂದಂಗ ಆಗ್ತದ್ರಿ” ಎಂದು ಅಂಗಡಿಗೆ ಬಂದು ದೂರಿದರು.

ಮಾಲೀಕ ಮುಕುಂದರಾಯರು ತಕ್ಷಣ ಫಾರಿನ್ ವೈರ್ ಬಿಚ್ಚಿದರು. ದಪ್ಪ. ತುದಿಗೆ ಬಂಗಾರದ ಬಣ್ಣದ ಪಿನ್. “ಸಣ್ಣ ವೈರ್ ಆವಾಜ್ ತಿಂತದ ಬೇಟಿ. ಇದನ್ನ ಹಾಕ್ರಿ.”

ನಾಲ್ಕು ಮಾರು ತಾಮ್ರ ಆವಾಜ್ ತಿನ್ನುತ್ತದೆಯಂತೆ! ಹಲ್ಲು ಕಚ್ಚಿ ಸುತ್ತಿಕೊಟ್ಟೆ… ಸಾಕಾಗಿದೆ ಈ ಸ್ಟೇಶನ್ ಬಜಾರ.

2 ಸೆಪ್ಟೆಂಬರ್, ಶುಕ್ರವಾರ

‘ಪುರಾವೆ ಕೇಳು’ — ನಮ್ಮ ವಿಜ್ಞಾನ ಸಂಘದ ಕರಪತ್ರದ ಮೊದಲ ಸಾಲು. ಕೇಳಿದೆ. ರಾಯರ ಕಣ್ಣಿಗೆ ಟವೆಲ್ ಕಟ್ಟಿ ಒಮ್ಮೆ ಸಾದಾ ವೈರ್, ಒಮ್ಮೆ ಫಾರಿನ್. ಹತ್ತು ಸಲ. ಅವರು ಗುರುತಿಸಿದ್ದು ಐದು ಸರಿ, ಐದು ತಪ್ಪು.

“ನಾಣ್ಯ ಹಾರಿಸಿದ್ರೂ ಇಷ್ಟ ಬರ್ತಿತ್ರಿ.”

“ನಿನ್ನ ಕರಪತ್ರಕ್ಕ ಕಿವಿ ಅದಾವೇನೋ ಮಾಪಣ್ಣ? ಹೋಗು, ಕುಲ್ಸುಮ್‌ನ ಕೇಳು. ಫರಕ್ ಇಲ್ಲಂದ್ರ ಈ ವೈರ್ ಮಾರೋದ ಬಿಡ್ತೀನಿ. ಅದ ಅಂದ್ರ, ಇನ್ಮ್ಯಾಲೆ ಸುಮ್ಮ ಇರಬೇಕು.”

ಒಪ್ಪಿದೆ.

4 ಸೆಪ್ಟೆಂಬರ್, ರವಿವಾರ, ಸಂಜೆ

ಫರಕ್ ಇದೆ. ಭಾರಿ ಫರಕ್. ಕುಲ್ಸುಮ್‌ಬಾಯಿ ಸ್ಪೀಕರಿನ ಕೆಂಪು ತೂತಿಗೆ ಕೆಂಪು ಎಳೆ, ಕಪ್ಪಿಗೆ ಕಪ್ಪು ನೋಡಿ ತಾವೇ ವೈರ್ ಹಾಕಿಕೊಂಡಿದ್ದರು. ಅವರ ತಂದೆ ಎರಡು ಸ್ಪೀಕರಿನ ನಡುವೆ ಕುಳಿತು ಹಾಡುತ್ತಿರುವಂತಿತ್ತು.

ಅವರು ಚಹಾಕ್ಕೆಂದು ಒಳಗೆ ಹೋದರು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ವೈರ್ ಎತ್ತಿ, ಬಣ್ಣ ನೋಡಿ ಹಾಕಿದೆ. ಅದೇ ತುಂಬು ದನಿ!

ಒಳಗಿನಿಂದ ಕೂಗಿದರು: “ಭಾಯಿಸಾಬ್, ಹೊಸಾ ವೈರ್ ಕಮಾಲ್ ಅದ ನೋಡ್ರಿ!”

ಒಂದು ಸ್ಪೀಕರಿಗೆ ಮಾತ್ರ ಕೆಂಪು-ಕಪ್ಪು ಅದಲುಬದಲು ಮಾಡಿದೆ. ಮತ್ತೆ ಅದೇ ಖಾಲಿ ಕೊಡದ ದನಿ.

ಹೋದ ತಿಂಗಳು ಅವರ ಬಾಗಿಲಿನ ತಾಯತದ ಬಗ್ಗೆ ಭಾಷಣ ಮಾಡುತ್ತ, ಕೈ ಕಡೆ ನೋಡದೆ, ಹೀಗೇ ಜೋಡಿಸಿ ಬಂದಿದ್ದೇನೆ. ನಾನೇ.

ಹೊಸ ವೈರನ್ನೇ ಬಣ್ಣ ನೋಡಿ ಮತ್ತೆ ಹಾಕಿದೆ. ಚಹಾ ಕುಡಿದೆ. ನನ್ನ ತಪ್ಪು ಮುಚ್ಚಿಟ್ಟು ಬಸ್ ಹತ್ತಿದೆ.

5 ಸೆಪ್ಟೆಂಬರ್

“ಏನಂದಳೋ?”

“ಫರಕ್ ಅದ ಅಂದ್ರು.”

ಅಷ್ಟೇ ಹೇಳಿದೆ. ಸುಳ್ಳಲ್ಲ…

21 ಸೆಪ್ಟೆಂಬರ್, ಬುಧವಾರ

ಗಣಪತಿ ಹಬ್ಬದ ತುಂಬ ಆ ವೈರೇ ಹೋಯಿತು. ಪ್ರತಿ ಗಿರಾಕಿಗೂ ರಾಯರದು ಒಂದೇ ಮಾತು: “ನಮ್ಮ ಮಾಪಣ್ಣ ಕಮಲಾಪುರಕ್ಕ ಹೋಗಿ ತನ್ನ ಕಿವೀಲೆ ಕೇಳಿ ಬಂದಾನ. ದೇವರನ್ನೂ ನಂಬದಂವ ಅಂವ!”

ಆ ಸುಳ್ಳಿಗೆ ಈಗ ಪುರಾವೆ ನಾನು. ಕರಪತ್ರ ಬಿಚ್ಚದೆ ಹದಿನೈದು ದಿನವಾಯಿತು.

22 ಸೆಪ್ಟೆಂಬರ್, ಗುರುವಾರ

ರಾಯರಿಗೆ ಹೇಳಿಬಿಟ್ಟೆ. ಮೊದಲು ನಕ್ಕರು. ಆಮೇಲೆ ನಗಲಿಲ್ಲ.

“ತಪ್ಪು ನಿಂದು, ಹೆಸರು ಕೆಡೋದು ನನ್ನ ವೈರ್‌ದೇನೋ? ಆಕಿ ಮುಂದ ಇದನ್ನೆಲ್ಲಾ ಹೇಳ್ತೀಯಾ?”

“ಹೇಳ್ತೀನ್ರಿ. ಎರಡೂ ವೈರ್ ಹಾಕಿ ಕೇಳಸ್ತೀನಿ. ನೀವೂ ಬರ್ರಿ.”

ಬಂಗಾರದ ಪಿನ್ ಒರೆಸಿ ವೈರ್ ಸುತ್ತಿಟ್ಟರು. “ಬರ್ತೀನಿ. ಆಕಿ ಕತ್ರಿ ತಗೊಂಡು ಬೆನ್ನಹತ್ತಿದ್ರ ಮಾತ್ರ ನಾ ಬಿಡಸಂಗಿಲ್ಲ.”

ಕುಲ್ಸುಮ್‌ಬಾಯಿಗೆ ಕಾರ್ಡ್ ಬರೆದು ಹಾಕಿದೆ: ಹಳೆಯ ವೈರ್ ಬಿಸಾಡಬೇಡಿ. ಕ್ಯಾಸೆಟ್ ತೆಗೆದಿಡಿ. ರವಿವಾರ, 25ನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ, ರಾಯರೂ ನಾನೂ ನಿಮ್ಮ ಮನೆಗೆ ಬರುತ್ತೇವೆ.