ಕೈ ಕೆಳಗಿನ ಕೈ

ಸಂಡೂರು
೧೨ ಜೂನ್ ೨೦೦೭

ಪೂಜ್ಯ ಮೇಡಂ ಅವರಿಗೆ,

ಕಂಪವಾತಕ್ಕೆಂದು ನಾವು ರೂಪಿಸಿದ ಅಣು ಕೊನೆಗೂ ಬೇಕಾದ ಕಿಣ್ವವನ್ನಷ್ಟೇ ತಡೆಯಿತು, ಅದರ ಜೋಡಿ ಕಿಣ್ವವನ್ನು ಮುಟ್ಟಲಿಲ್ಲ ಎಂದು ನೀವು ಸಂತೋಷದಿಂದ ಫೋನ್ ಮಾಡಿದಿರಿ. ಅದಿರಿನ ಲಾರಿಗಳ ಸದ್ದಿಗೆ ಏನೂ ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟೆ. ಎಲ್ಲವೂ ಕೇಳಿಸಿತ್ತು, ಮೇಡಂ. ಆಗ ಅಪ್ಪನನ್ನು ಸಮಾಧಿಯಲ್ಲಿ ಕೂರಿಸುತ್ತಿದ್ದರು.

ಕೈನಡುಕ ಹೆಚ್ಚಾದಾಗಿನಿಂದ ಅಪ್ಪನ ಅಂಗೈ ಮೇಲೆ ಇಷ್ಟಲಿಂಗ ನಿಲ್ಲುತ್ತಿರಲಿಲ್ಲ. ಪೂಜೆ ಮುಗಿಯುವವರೆಗೆ ಅವ್ವ ತನ್ನ ಕೈಯನ್ನು ಅವರ ಕೈ ಕೆಳಗೆ ಕೊಟ್ಟು ಕೂರುತ್ತಿದ್ದಳು. “ನಿನ್ನ ಗುಳಿಗಿ ಬರೋತನಕ ನಿಮ್ಮವ್ವನ ಕೈನ ನನ್ನ ಗುಳಿಗಿ” ಎಂದು ಅಪ್ಪ ನಗುತ್ತಿದ್ದರು.

ಅಂದು ಸಮಾಧಿಯ ಕ್ರಿಯೆ ನಡೆಸುತ್ತಿದ್ದ ಅಯ್ಯನವರು ಲಿಂಗವನ್ನು ಅಪ್ಪನ ಎಡ ಅಂಗೈಯಲ್ಲಿಟ್ಟರು. ಅವ್ವ ರೂಢಿಯಂತೆ ಕುಣಿಯೊಳಗೆ ಬಗ್ಗಿ ಕೈ ಚಾಚಿದಳು. “ಬ್ಯಾಡ ಬಿಡವ್ವ, ಇನ್ನ ಅದು ಅಳ್ಳಾಡಂಗಿಲ್ಲ” ಎಂದರು ಅಯ್ಯನವರು.

ಅಣುವಿನ ಮುಂದಿನ ಪರೀಕ್ಷೆಗಳನ್ನು ನನಗಾಗಿ ಕಾಯದೆ ನಡೆಸಿ. ಬೇರೆ ಮನೆಗಳಲ್ಲೂ ಕೈಗಳು ನಡುಗುತ್ತಿವೆ. ನನಗೆ ಇನ್ನಷ್ಟು ದಿನ ರಜೆ ಬೇಕು. ಪೂಜೆಯ ಹೊತ್ತಾದರೆ ಅವ್ವ ಈಗಲೂ ಕೈ ಚಾಚಿ ಕೂರುತ್ತಾಳೆ. ಅದರ ಮೇಲೆ ನನ್ನ ಕೈ ಇಟ್ಟುಕೊಂಡು ಕೂರಬೇಕು.

ಇಂತಿ ನಿಮ್ಮ ವಿದ್ಯಾರ್ಥಿನಿ,
ಗಂಗಾಂಬಿಕಾ