ಅಮ್ಮನ ಕೈಗೆ ಮೀಸಲಿಟ್ಟ ಹಳದಿ ಮಣ್ಣು

ಕ್ರಿ.ಶ. 2391, ಫೆಬ್ರವರಿ 30

ಹಿಂದಿನ ಕಾಲದ ಮಾನ್ಯರೇ, ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದ ಧನ್ಯರೇ, ನಡೆದು ಬಂದು ಕಾಲು ತೊಳೆದು ಅಷ್ಟೂ ಬಣ್ಣವನ್ನು ಬಚ್ಚಲಿಗೆ ಬಿಟ್ಟ ಅಸಾಮಾನ್ಯರೇ, ನಮಸ್ಕಾರ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಇಷ್ಟು ವರ್ಷ ದಾಟುವಷ್ಟರಲ್ಲಿ ಭಾಷೆಗೂ ಸ್ವಲ್ಪ ತುಕ್ಕು ಹಿಡಿಯುತ್ತದೆ.

ನಮ್ಮಲ್ಲಿ ಮಣ್ಣಿಲ್ಲ, ಮುಚ್ಚುನೆಲವಿದೆ. ಅಂದರೆ ಕಣ್ಣು ಹೋದಷ್ಟು ದೂರ ಒಂದೇ ಬೂದು ಹಾಸು. ಗುಡಿಸುವುದು ಸುಲಭ, ಗುಡಿಸಲು ಏನೂ ಇಲ್ಲ. ಬಣ್ಣ ಬೇಕೆಂದರೆ ಗೋಡೆಬೆಳಕಿನ ಗುಂಡಿ ಒತ್ತುತ್ತೇವೆ. ಹಸಿರು ಗದ್ದೆ, ಅದರಲ್ಲೊಂದು ಹಸು ಮೂಡುತ್ತದೆ. ಕರೆಂಟು ಹೋದರೆ ಗದ್ದೆಯೂ ಹೋಗುತ್ತದೆ, ಹಸುವೂ ಹೋಗುತ್ತದೆ. ಕರೆಂಟು ಹೋಗುವ ಪದ್ಧತಿಯನ್ನು ಮಾತ್ರ ನಿಮ್ಮಿಂದ ಹಾಗೇ ಉಳಿಸಿಕೊಂಡಿದ್ದೇವೆ.

ಆಗಲೂ ಉಳಿಯುವ ಒಂದೇ ಚಿತ್ರ ನಮ್ಮ ಮನೆಯಲ್ಲಿದೆ. ನಿಮ್ಮ ಕಾಲದ ಸರ್ವಮಂಗಳಾ ಎಂಬಾಕೆ ತೀರಿಹೋದ ತಾಯಿಯನ್ನು ನೆನೆದು ಬರೆದದ್ದು. ಸೀರೆಗೆ ಕೆಮ್ಮಣ್ಣು, ಕೂದಲಿಗೆ ದೀಪದ ಮಸಿ, ಹಿಂದಿನ ಗೋಡೆಗೆ ಸುಣ್ಣ. ಕೈಗಳೆರಡು ಮಾತ್ರ ಬರಿ ಗೆರೆ. ವರ್ಷವಿಡೀ ಅರಿಶಿನ ಕುಟ್ಟಿದ ಆ ಕೈಗಳ ಬಣ್ಣ ಊರಾಚೆಯ ಹಳದಿಗುಡ್ಡದ ಮಣ್ಣು ಬಿಟ್ಟರೆ ಬೇರೆಲ್ಲೂ ಸಿಗಲಿಲ್ಲವಂತೆ. ಆ ಗುಡ್ಡ ನಿಮ್ಮ ಕಾಲದಲ್ಲೇ ಹೆದ್ದಾರಿಯ ಅಡಿ ಸೇರಿತು. ಉಳಿದದ್ದು ಒಂದು ಡಬ್ಬಿ ಹೆಂಟೆ, ಅದರ ಮೇಲೊಂದು ಚೀಟಿ: “ಕುಟ್ಟಿ ನೀರಲ್ಲಿ ಕದಡು. ಮರಳು ಕೂತ ಮೇಲೆ ಮೇಲಿನ ಬಗ್ಗಡ ನೀರು ಬಸಿದಿಡು. ಅದರ ತಳದಲ್ಲಿ ಕೂರೋದೇ ಬಣ್ಣ. ಬಿಸಿಲಿಗೇ ಒಣಗಿಸು. ಒಲೆ ಹತ್ರ ಒಯ್ದೀಯ, ಜೋಕೆ! ನಿಂಗೆ ಉಣ್ಣೋಕೂ ಅವಸರ, ಉಸಿರಾಡೋಕೂ ಅವಸರ.” ಈ ‘ನೀನು’ ಯಾರೆಂದು ನಮ್ಮ ಪಂಡಿತರು ಇಂದಿಗೂ ಚರ್ಚಿಸುತ್ತಿದ್ದಾರೆ.

ಕುಟ್ಟಿದೆವು, ಕದಡಿದೆವು, ಬಸಿದೆವು. ಆಮೇಲೆ ಮೂರು ದಿನ ಮೋಡ. ತಟ್ಟೆಯಲ್ಲಿ ಬಣ್ಣ ಹಸಿಯಾಗಿಯೇ ಕೂತಿತ್ತು. ನಮ್ಮಲ್ಲೊಬ್ಬ ಅದನ್ನು ಕಾವುಹಲಗೆಯ ಮೇಲೆ, ಅಂದರೆ ನಿಮ್ಮ ದೋಸೆ ಹೆಂಚಿನ ಮೇಲೆ, ಎರಡೇ ನಿಮಿಷ ಎಂದು ಹರಡಿದ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಮಾತಿಗೆ ಸಿಕ್ಕರು. ಬಂದು ನೋಡಿದರೆ ಹಳದಿ ಹೋಗಿ ಇಟ್ಟಿಗೆಯ ಕೆಂಪು. ಹಳದಿ ಮಣ್ಣು ಸುಟ್ಟರೆ ಕೆಂಪಾಗುತ್ತದೆ. ಆದ ಕೆಂಪು ಮತ್ತೆ ಹಳದಿಯಾಗುವುದಿಲ್ಲ. ನೀರಿಗೆ ಹಾಕಿದ, ನಿಂಬೆ ಹಿಂಡಿದ, ಕೈ ಮುಗಿದ; ಮಣ್ಣು ಮಣಿಯಲಿಲ್ಲ. ಅಂಗಡಿಯ ಹಳದಿ ತಂದು ಕಲಸಿದ. ಅಮ್ಮನ ಕೈ ಆಗಲಿಲ್ಲ, ಆಟೋದ ನೆತ್ತಿಯಾಯಿತು.

ಆದ್ದರಿಂದ ಪೂರ್ವಿಕರೇ, ನಿಮ್ಮಲ್ಲಿ ಯಾರ ಹಿತ್ತಲಲ್ಲಾದರೂ, ಯಾರ ಹಳೇ ಚಪ್ಪಲಿಯ ಅಡಿಯಲ್ಲಾದರೂ ಆ ಗುಡ್ಡದ ಒಂದು ಚಿಟಿಕೆ ಮಣ್ಣು ಅಂಟಿಕೊಂಡಿದ್ದರೆ...

ಸರ್ವಮಂಗಳಕ್ಕಾ, ಸಾಕು. ನಾನು ಪಾಲಾಕ್ಷ. ಗುಡ್ಡ ಹೋದದ್ದೊಂದು ನಿಜ, ಉಳಿದ ಶತಮಾನಗಳೆಲ್ಲ ಸುಳ್ಳು. ನೀನು ಕಣ್ಣಿನ ಆಪರೇಷನ್‌ಗೆ ಹೋಗುವಾಗ ಕೊಟ್ಟ ಮಣ್ಣನ್ನು ಸುಟ್ಟವನು ನಾನೇ. ಫೋನಿನಲ್ಲಿ ನೀನು ಮೂರು ಸಲ “ಒಣಗಿತೇನೋ?” ಅಂದೆ, ಮೂರು ಸಲವೂ ನಾನು “ಹೂಂ” ಅಂದೆ. ಭಾನುವಾರ ಕಟ್ಟು ಬಿಚ್ಚಿಸಿಕೊಂಡು ನೇರ ಇಲ್ಲಿಗೇ ಬರುತ್ತೀಯಂತೆ. ಈ ಕಾಗದವನ್ನು ತಟ್ಟೆಯ ಪಕ್ಕದಲ್ಲಿ ಇಟ್ಟಿರುತ್ತೇನೆ. ಎದುರಿಗೆ ನಿಂತು ಹೇಳಲು ನನ್ನಿಂದಾಗುವುದಿಲ್ಲ.