ಅಮ್ಮನ ಬೂಟಿನ ಮಣ್ಣು

ಪ್ರೀತಿಯ ಅಪ್ಪ,

ಓಟದ ಸ್ಪರ್ಧೆಯಲ್ಲಿ ನಮ್ಮ ನಾಲ್ವರ ತಂಡ ಕಾಡು, ಹೊಳೆ, ಬಂಡೆಗಳನ್ನೆಲ್ಲ ದಾಟಿ ಗುರಿ ಮುಟ್ಟಿತು. ಕೊನೆಯಿಂದ ಎರಡನೆಯವರು ನಾವೇ. ನಗಬೇಡಿ.

ಒಂದು ವಿಷಯ ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ಬೇಡ. ಅಮ್ಮನ ಬೂಟು ಕೊಡುವಾಗ ನೀವು, "ಅವಳ ಕೊನೇ ಓಟದ ಮಣ್ಣು, ಹಾಗೇ ಇರ್ಲಿ" ಅಂದಿದ್ದಿರಿ. ಆದರೆ ಹೊರಡುವ ಮುಂಚೆ ಎಲ್ಲರ ಬೂಟನ್ನೂ ಮಗುಚಿ ನೋಡಿದರು. ತಪಾಸಣೆಯ ಹೆಂಗಸು ನನ್ನ ಕೈಗೆ ಬ್ರಶ್ ಕೊಟ್ಟು, "ಮಣ್ಣಲ್ಲಿ ಅಂಟಿರೋ ಬೇರೆ ಬೆಟ್ಟದ ಬೀಜ ಈ ಕಾಡಿಗೆ ಬೇಡಮ್ಮ, ತೊಳ್ಕೊಂಡು ಬಾ" ಅಂದಳು. ಜಗಳಕ್ಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ, ಬೆಟ್ಟದಲ್ಲಿ ಕಡಲೆಕಾಯಿ ಸಿಪ್ಪೆ ಎಸೆದಿರೆಂದು ಅದನ್ನು ಹೆಕ್ಕಿ ತರಲು ಅರ್ಧ ದಾರಿಯಿಂದ ನಿಮ್ಮನ್ನು ವಾಪಸ್ ಅಟ್ಟಿದ್ದ ಅಮ್ಮ ನೆನಪಾದಳು. ತೊಳೆದೆ. ತಂಡದವರು ಕಾದರು.

ತೊಳೆಯುವ ಮೊದಲು ಕೆರೆದು ತೆಗೆದ ಮಣ್ಣು ನನ್ನ ಊಟದ ಡಬ್ಬಿಯಲ್ಲಿ ಭದ್ರವಾಗಿದೆ. ನಿಮ್ಮ ಹೂಕುಂಡಕ್ಕೆ ಕೇಳಬೇಡಿ, ಕೊಡುವುದಿಲ್ಲ. ಅದು ನೀವಿಬ್ಬರೂ ಕೊನೆಗೆ ಓಡಿದ ಬೆಟ್ಟದ್ದು, ಅಲ್ಲಿಗೇ ಸೇರಬೇಕು. ಚಳಿ ಕಳೆದ ಮೇಲೆ ಹೋಗಿ ಬರೋಣ. ಓಡುವುದೇನೂ ಬೇಡ, ನಡೆದರಾಯಿತು.

ನೀವು ಅಂದಿನಿಂದ ಕಾಲಿಗೆ ಹಾಕದ ನಿಮ್ಮ ಬೂಟು ಮಂಚದ ಕೆಳಗಿದೆಯಲ್ಲ, ಅದನ್ನು ಚೀಲದಲ್ಲಿ ಕಟ್ಟಿ ತನ್ನಿ. ತೊಳೆಯಬೇಡಿ. ಅದರ ಮಣ್ಣೂ ಅಲ್ಲಿಯದೇ.

ನಿಮ್ಮ ಮಗಳು